ಚೆನ್ನವ್ವ ಹಗುರ ಮಾಡಿದ ಮನೆಗಳು

ಇಚಲಕರಂಜಿಯ ನೇಕಾರರ ಓಣಿಯಲ್ಲಿ ಗಣಪತಿ ನೀರಿಗೆ ಹೋದ ಮರುದಿನದಿಂದಲೇ ಚೆನ್ನವ್ವನಿಗೆ ಕರೆ ಬರುತ್ತಿದ್ದವು. ದಸರೆಯ ಘಟ ಕೂಡ್ರಿಸುವುದಕ್ಕೆ ಆಗಿನ್ನೂ ಹದಿನೈದು ದಿನ ಉಳಿದಿರುತ್ತಿತ್ತು. ಅಷ್ಟರೊಳಗೆ ಮನೆಮನೆಯ ಗೋಡೆಗೆ ಸುಣ್ಣ ಬೀಳಬೇಕು, ಹಾಸಿಗೆ ಕೌದಿಗಳೆಲ್ಲ ಪಂಚಗಂಗೆ ಹೊಳೆಗೆ ಹೋಗಿ ಒಗೆಸಿಕೊಂಡು ಬರಬೇಕು, ಗೋಡೆಗೆ ಹೊಡೆದ ಫಳಿಯ ಮೇಲಿನ ತಾಮ್ರ ಹಿತ್ತಾಳೆ ಕೆಳಗಿಳಿದು ಹುಣಸೆಹಣ್ಣು ಕಾಣಬೇಕು. ಮೈಯಲ್ಲಿ ಕಸುವಿದ್ದವರು ಇದನ್ನು ಎರಡು ದಿನದಲ್ಲಿ ಮುಗಿಸುತ್ತಿದ್ದರು. ಮುದುಕಿಯರಿದ್ದ ಮನೆಗಳಲ್ಲಿ ಮಾತ್ರ ಜಗಳ ತಪ್ಪುತ್ತಿರಲಿಲ್ಲ. ಸೊಸೆ ತುಕ್ಕು ಹಿಡಿದ ಡಬ್ಬಿಯನ್ನು ಹಿತ್ತಲಿಗೆ ಎಸೆದರೆ ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮತ್ತೆ ಒಳಗೆ ತರುವಳು. ಅಂಥ ಮನೆಗಳಿಗೆ ಚೆನ್ನವ್ವ ಬೇಕಾಗುತ್ತಿದ್ದಳು.

ಚೆನ್ನವ್ವನ ತವರು ಗಡಹಿಂಗ್ಲಜ. ಗಂಡ ಬಂಡು ಇಚಲಕರಂಜಿಯಲ್ಲಿ ನೂಲಿಗೆ ಗಂಜಿ ಹಾಕುವ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಹೆಂಗಸು ಆಕೆ. ಮೊದಮೊದಲು ಅವಳೂ ಎಲ್ಲರ ಹಾಗೆ ಗಡಿಬಿಡಿಯವಳೇ. ಐವತ್ತೇಳನೆಯ ಇಸವಿಯ ದಸರೆಯಲ್ಲಿ, ಅತ್ತೆ ಬಯಾಬಾಯಿ ಎರಡು ದಿನ ಕುರುಂದವಾಡದ ನೆಂಟರ ಮನೆಗೆ ಹೋದಾಗ, ಚೆನ್ನವ್ವ ಇಡೀ ಮನೆಯನ್ನು ಬರಿದು ಮಾಡಿ ಸುಣ್ಣ ಹಚ್ಚಿದಳು. ಬೇಡದ್ದನ್ನು ಬೀಸಾಡಿದಳು. ಉಳಿದದ್ದನ್ನು ತನಗೆ ಚೆಂದ ಕಂಡ ಹಾಗೆ ಹೊಸದಾಗಿ ಜೋಡಿಸಿದಳು. ಅತ್ತೆ ಬಂದು ನೋಡಿ ಹೊಗಳಬಹುದು ಎಂದುಕೊಂಡಿದ್ದಳು. ಆದರೆ ಅತ್ತೆಯ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ಬಯಾಬಾಯಿ ಮನೆಯನ್ನು ನೋಡುತ್ತಿದ್ದದ್ದು ಕೈಯಿಂದ. ಮರುದಿನ ಕಡಲೆಹಿಟ್ಟಿನ ಪಿಠ್ಲ ಮಾಡುವಾಗ ಅವಳ ಕೈ ಉಪ್ಪಿನ ಮಡಕೆ ಇದ್ದ ಜಾಗಕ್ಕೆ ಹೋಯಿತು. ಅಲ್ಲಿ ಈಗ ಬಟ್ಟೆ ಒಗೆಯುವ ಸೋಡಾ ಇತ್ತು. ಉಣ್ಣಲು ಕುಳಿತವರು ಉಗುಳಿ ನಕ್ಕರು. ಬಯಾಬಾಯಿ ನಗಲಿಲ್ಲ. ಅಂದಿನಿಂದ ಅವಳು ಒಲೆಯ ಹತ್ತಿರ ಬರಲಿಲ್ಲ, ಹೊಸ್ತಿಲ ಬಳಿ ಕುಳಿತುಬಿಟ್ಟಳು. ಒಂದು ದಿನ ಸೊಸೆಯನ್ನು ಕರೆದು, "ಇದು ಯಾರ ಮನಿ ಐತಿ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಆ ಚಳಿಗಾಲವನ್ನು ಅತ್ತೆ ದಾಟಲಿಲ್ಲ.

ಯಾರೂ ಚೆನ್ನವ್ವನನ್ನು ಬೈಯಲಿಲ್ಲ. ಅವಳೇ ತನ್ನನ್ನು ಬೈದುಕೊಂಡಳು. ಮುಂದಿನ ವರ್ಷ ಪಕ್ಕದ ಮನೆಯ ಮುದುಕಿಗೂ ಸೊಸೆಗೂ ಜಗಳ ಹತ್ತಿದಾಗ ಕರೆಯದೆಯೇ ಹೋದಳು. "ನಾ ಮಾಡತೇನಿ, ಸಾವಕಾಶ ಮಾಡತೇನಿ" ಎಂದು ಸೊಸೆಯನ್ನು ಹೊರಗೆ ಕಳಿಸಿದಳು. ಅಲ್ಲಿಂದ ಅದೇ ಅವಳ ಕೆಲಸವಾಯಿತು.

ಅವಳು ಮಾಡುತ್ತಿದ್ದ ರೀತಿಯಲ್ಲಿ ದೊಡ್ಡ ಜಾಣತನವೇನೂ ಇರಲಿಲ್ಲ, ತಾಳ್ಮೆ ಇತ್ತು ಅಷ್ಟೆ. ದಿನಕ್ಕೆ ಒಂದೇ ಪೆಟ್ಟಿಗೆ, ಇಲ್ಲವೇ ಒಂದೇ ಫಳಿ. ಮುದುಕಿಯನ್ನು ಅಂಗಳದ ಬಿಸಿಲಿನಲ್ಲಿ ಚಾಪೆಯ ಮೇಲೆ ಕೂಡ್ರಿಸಿ ಒಂದೊಂದೇ ವಸ್ತುವನ್ನು ತಂದು ಅವಳ ತೊಡೆಯ ಮೇಲಿಡುವಳು. ಬೇಕೋ ಬೇಡವೋ ಎಂದು ಕೇಳುತ್ತಿರಲಿಲ್ಲ. ಯಾರದು ಎಂದು ಕೇಳುತ್ತಿದ್ದಳು. ಯಾರದು, ಎಲ್ಲಿಂದ ಬಂತು, ಯಾವ ವರ್ಷ ತಳ ಒಡೆಯಿತು ಎಂದು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತಿತ್ತು. ಹೇಳಿ ಮುಗಿದ ಮೇಲೆ ಹೆಚ್ಚಿನ ಮುದುಕಿಯರು ತಾವಾಗಿಯೇ, "ಒಯ್ಯಿ ಇನ್ನ" ಎನ್ನುತ್ತಿದ್ದರು. ಒಯ್ಯಿ ಎನ್ನದಿದ್ದರೆ ಅದು ಒಳಗೆ ಹೋಗುತ್ತಿತ್ತು, ಇದ್ದ ಜಾಗಕ್ಕೇ. ಭಾರದ ಹಂಡೆ ಕೊಡಗಳನ್ನು ಮಾತ್ರ ಅವಳು ಮೇಲಕ್ಕೆ ಏರಿಸುತ್ತಿರಲಿಲ್ಲ. ದಿನಾ ಬೇಕಾದದ್ದು ಸೊಂಟದ ಎತ್ತರಕ್ಕೆ, ಕೈಗೆ ಸಿಗುವಂತೆ. ಕೌದಿಗಳನ್ನು ತಾನೇ ಹೊತ್ತು ಪಂಚಗಂಗೆಗೆ ಒಯ್ದು ಒಗೆದು, ದಂಡೆಯ ಕಲ್ಲುಗಳ ಮೇಲೆ ಒಣಗಿಸಿ ತರುವಳು.

ಅರವತ್ತೆರಡರ ಭಾದ್ರಪದದಲ್ಲಿ ಗಣಪತ ಎನ್ನುವ ನೇಕಾರ ಅವಳ ಮನೆಗೆ ಬಂದ. ಓಣಿಯ ಆ ತುದಿಯ ಮನೆಯವನು, ನಲವತ್ತರ ಹತ್ತಿರದವನು. ತಂದೆಯ ಕೈಮಗ್ಗ ನಿಂತುಹೋದ ಮೇಲೆ ಹತ್ತು ವರ್ಷ ಬೇರೆಯವರ ಪಾವರಲೂಮಿನಲ್ಲಿ ಹನ್ನೆರಡು ತಾಸಿನ ಪಾಳಿ ಮಾಡಿ ಎದೆಯಲ್ಲಿ ಹತ್ತಿಯ ಕೆಮ್ಮು ಕಟ್ಟಿಕೊಂಡಿದ್ದ.

"ಅಕ್ಕಾರ, ದಸರೆಕ್ಕ ನಂದ ಎರಡು ಪಾವರಲೂಮ್ ತರಾಕತ್ತೇನ್ರಿ. ಮುಂದಿನ ಖೋಲಿ ಖಾಲಿ ಆಗಬೇಕು. ನಾ ಹೇಳಿದ್ರ ಅವ್ವ ಮಗ್ಗದ ಕಂಬ ಹಿಡಕೊಂಡು ಕುಂದರತಾಳ. ನಿಮ್ಮ ಮಾತ ಕೇಳತಾಳ."

"ಆಯಿ ಎಲ್ಲಿ ಮಲಗತಾಳ ಮತ್ತ?"

"ಹಿತ್ತಲದಾಗ ತಗಡ ಹಾಕಿ ಸಪ್ಪರ ಮಾಡತೇನಿ. ಬೆಚ್ಚಗ ಇರತೈತಿ. ಖೋಲಿ ಖಾಲಿ ಆಗೋ ತನಕ ಲೂಮಿಂದ ಏನೂ ಹೇಳಬ್ಯಾಡ್ರಿ."

ಚೆನ್ನವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಮನೆ ಎರಡೇ ಖೋಲಿಯದು, ಮುಂದೊಂದು ಕೋಣೆ, ಹಿಂದೊಂದು. ಯಂತ್ರ ಬಂದರೆ ಗಣಪತ ಬೇರೆಯವರ ಪಾಳಿ ಬಿಡಬಹುದು. ಸಮಯ ನೋಡಿ ತಾನೇ ಮುದುಕಿಗೆ ಹೇಳಿದರಾಯಿತು ಎಂದುಕೊಂಡು ಒಪ್ಪಿದಳು.

ಗಣಪತನ ತಾಯಿ ನಾಗೂಬಾಯಿಗೆ ಎಪ್ಪತ್ತು ದಾಟಿತ್ತು. ಬೆಳಕು ಕತ್ತಲೆ ಬಿಟ್ಟರೆ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ, ಆದರೆ ಕಿವಿ ಮಾತ್ರ ಚುರುಕು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ ಅವನ ಕುಣಿಮಗ್ಗ ಮುಂದಿನ ಖೋಲಿಯಲ್ಲೇ ಇತ್ತು. ನೇಕಾರ ಕಾಲು ಇಳಿಬಿಟ್ಟು ಕೂಡುವ ಆ ಕುಣಿಯ ಅಂಚಿಗೇ ಅವಳ ಹಾಸಿಗೆ. ಸುತ್ತಲೂ ಪೆಟ್ಟಿಗೆ, ಗಡಿಗೆ, ಗಂಟು. ಚೆನ್ನವ್ವ ಹೊಸ್ತಿಲು ದಾಟುವ ಮೊದಲೇ ನಾಗೂಬಾಯಿ, "ಚೆನ್ನಿ, ನಿನ್ನ ಎಡಗಾಲ ಚಪ್ಪಲಿ ಹರದೈತಿ ನೋಡು" ಎಂದಳು. ಚೆನ್ನವ್ವ ಬಗ್ಗಿ ನೋಡಿದಳು. ಅಟ್ಟೆಯ ಹೊಲಿಗೆ ಬಿಟ್ಟಿತ್ತು.

ಮೊದಲ ದಿನ ಫಳಿಯಿಂದ ಇಳಿದದ್ದು ಹನ್ನೊಂದು ಮುಚ್ಚಳ. ಒಂದಕ್ಕೂ ಪಾತ್ರೆ ಇರಲಿಲ್ಲ.

"ಇವು ಯಾರವ ಆಯಿ?"

ನಾಗೂಬಾಯಿ ಒಂದೊಂದನ್ನೂ ಬೆರಳಿನಿಂದ ಸುತ್ತು ಹಾಕಿ ನೋಡಿದಳು. "ಇದು ನಮ್ಮತ್ತಿ ಹಾಲಿನ ಗುಂಡಿದು. ಇದು ಸಾರಿನದು, ತಳ ಸುಟ್ಟು, ಹಳೀ ಪಾತ್ರಿ ಕೊಳ್ಳೂ ಮೋಡಿನವಗ ಕೊಟ್ವಿ. ಪಾತ್ರಿ ಒಲಿ ಮ್ಯಾಲ ಕೂಡತಾವ, ಸವದು ಹೋಗತಾವ. ಮುಚ್ಚಳಕ್ಕ ಏನ ಕಷ್ಟ? ಉಳಕೋತಾವ, ನನ್ನ ಹಾಂಗ."

ಚೆನ್ನವ್ವ ನಕ್ಕಳು. ನಾಗೂಬಾಯಿಯೂ ನಕ್ಕು, "ಒಯ್ಯಿ" ಎಂದಳು.

ಹೀಗೆ ದಿನವೂ ನಡೆಯಿತು. ಬೀಗವಿಲ್ಲದ ಕೀಲಿಗಳ ಗೊಂಚಲು ಹೋಯಿತು. ಮಾವನ ಒಂಟಿ ಕಟ್ಟಿಗೆಯ ಹಾವಿಗೆ ಹೋಯಿತು. ನೂಲಿನ ತುಂಡುಗಳನ್ನು ಗಂಟು ಹಾಕಿ ಹಾಕಿ ಸುತ್ತಿದ್ದ, ತೆಂಗಿನಕಾಯಿಯಷ್ಟು ದೊಡ್ಡ ಮೂರು ಉಂಡೆ ಹೋದವು. ರಾಟಿ ಹೋಗುವ ದಿನ ಮುದುಕಿ ಅದರ ಹಿಡಿಯನ್ನು ಎರಡು ಸುತ್ತು ತಿರುಗಿಸಿ, ಕೇಳಿಸಿಕೊಂಡು, "ಎಣ್ಣಿ ಬೇಕಾಗೈತಿ ಇದಕ್ಕ" ಎಂದಳು. ಚೆನ್ನವ್ವ ಎಣ್ಣೆ ಬಿಟ್ಟಳು. ಮುದುಕಿ ಮತ್ತೊಮ್ಮೆ ತಿರುಗಿಸಿ ಕೊಟ್ಟುಬಿಟ್ಟಳು. ತಾನೇ ಕೈಯಾರೆ ಕೊಡುತ್ತಿದ್ದಳಾದ್ದರಿಂದ ಮನೆಯಲ್ಲಿ ಒಂದು ಗಟ್ಟಿ ಮಾತೂ ಏಳಲಿಲ್ಲ. ಸೊಸೆ ಹೌಸಾಬಾಯಿಗೆ ಆಶ್ಚರ್ಯ. "ಹನ್ನೆರಡು ವರ್ಷದಾಗ ನನಗ ಒಂದು ಚಮಚಾ ಸರಿಸಾಕ ಬಿಟ್ಟಿಲ್ರಿ ಅಕ್ಕಾ" ಎನ್ನುತ್ತಿದ್ದಳು.

ಹನ್ನೆರಡನೆಯ ದಿನ, ಮುದುಕಿ ಅದಕ್ಕೂ ಒಯ್ಯಿ ಎಂದ ಮೇಲೆ, ಮಗ್ಗದ ಕಂಬ ಕಿತ್ತರು. ಗಣಪತ ಬುಟ್ಟಿಯಲ್ಲಿ ಮಣ್ಣು ತಂದು ಕುಣಿಗೆ ಸುರಿಯತೊಡಗಿದ. ಮಣ್ಣು ಬೀಳುವ ಸದ್ದು ಕೇಳಿ ಅಂಗಳದಲ್ಲಿದ್ದ ನಾಗೂಬಾಯಿ ಮುಖ ಎತ್ತಿದಳು.

"ಕುಣಿ ಯಾಕ ಮುಚ್ಚತಾರ ಚೆನ್ನಿ?"

"ಕಣ್ಣು ಕಾಣಂಗಿಲ್ಲ ನಿಮಗ. ಒಂದಿನ ಬಿದ್ದುಗಿದ್ದೀರಿ ಅಂತ."

"ಐವತ್ತ ವರ್ಷ ಬಿದ್ದಿಲ್ಲ ನಾ" ಎಂದಳು ಮುದುಕಿ. "ಮುಚ್ಚಲಿ."

ಮರುದಿನ ಬೆಳಿಗ್ಗೆ ಚೆನ್ನವ್ವ ಹೋದವಳೇ ಚಾಪೆಯ ಮೇಲೆ ಮುದುಕಿಯ ಪಕ್ಕ ಕುಳಿತು, "ಆಯಿ, ಆ ಖೋಲಿದಾಗ ಎರಡು ಪಾವರಲೂಮ್ ಬರತಾವ. ನಿಮ್ಮ ಹಾಸಿಗಿ ಹಿತ್ತಲಕ್ಕ ಹೋಗತೈತಿ" ಎಂದಳು.

"ಗೊತ್ತೈತಿ. ಓಣಿ ತುಂಬ ಅದನ್ನ ಮಾತಾಡತಾರ. ನೀ ಯಾವಾಗ ಹೇಳತಿ ಅಂತ ಕಾಯಾಕತ್ತಿದ್ನಿ."

"ಗೊತ್ತಿದ್ದೂ ಎಲ್ಲಾ ಕೊಟ್ರಿ?"

"ನೀ ಒಂದೊಂದ ಕೇಳಿದಿ, ಕೊಟ್ನಿ. ಎಲ್ಲಾ ಒಮ್ಮಿಗೆ ಕೇಳಿದ್ರ ಕೊಡತಿದ್ದಿಲ್ಲ."

ಚೆನ್ನವ್ವ ಉಳಿದ ಒಂದು ಪೆಟ್ಟಿಗೆಯನ್ನು ಸಪ್ಪರದಲ್ಲಿಟ್ಟು, ಪಕ್ಕದಲ್ಲಿ ನೀರಿನ ತಂಬಿಗೆ, ಗೋಡೆಯಲ್ಲಿ ಕೋಲಿಗೆ ಒಂದು ಮೊಳೆ, ಎಲ್ಲವನ್ನೂ ಮುದುಕಿಯ ಕೈಗೆ ಮುಟ್ಟಿಸಿ ತೋರಿಸಿ ಬಂದಳು.

ದಸರೆಯ ದಿನ ಯಂತ್ರಗಳಿಗೆ ಚೆಂಡುಹೂವಿನ ಮಾಲೆ ಬಿತ್ತು, ಕಾಯಿ ಒಡೆದರು. ಗಣಪತ ಗುಂಡಿ ಒತ್ತಿದ. ಸದ್ದಿಗೆ ತಗಡಿನ ಸಪ್ಪರ ನಡುಗಿತು. ಬೆಳಗಿನಿಂದ ಸಂಜೆಯ ತನಕ, ನಡುವೆ ಊಟದ ಹೊತ್ತು ಬಿಟ್ಟರೆ, ಆ ಸದ್ದು ನಿಲ್ಲಲಿಲ್ಲ. ನಾಲ್ಕು ದಿನ ಬಿಟ್ಟು ಚೆನ್ನವ್ವ ನೋಡಲು ಹೋದಳು. ಹಿತ್ತಲಿಗೆ ಬಂದು ಮುದುಕಿಯ ಎದುರಿಗೇ ನಿಂತಳು. ನಾಗೂಬಾಯಿಗೆ ಯಾರೋ ಬಂದದ್ದೇ ಗೊತ್ತಾಗಲಿಲ್ಲ. ಬಾಯಿ ಸ್ವಲ್ಪ ತೆರೆದು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. "ಆಯಿ" ಎಂದು ಕೂಗಿದರೂ ಕೇಳಿಸಲಿಲ್ಲ. ಭುಜ ಮುಟ್ಟಿದಾಗ ಮುದುಕಿ ಬೆಚ್ಚಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು. ಚೆನ್ನವ್ವ ಅವಳ ಕಿವಿಗೆ ಬಾಯಿ ಹಚ್ಚಿ ತನ್ನ ಹೆಸರು ಹೇಳಿದಳು.

"ಚೆನ್ನಿ ಏನು? ಎಷ್ಟೊತ್ತು ನಿಂತಿದ್ದಿ?"

"ಈಗ ಬಂದ್ನಿ."

"ಯಾರ ಬರತಾರ, ಯಾರ ಹೋಗತಾರ, ಒಂದೂ ತಿಳಿಯಂಗಿಲ್ಲ. ಬೆಕ್ಕು ಬಂದು ಭಾಕ್ರಿ ಒಯ್ದರೂ ತಿಳಿಯಂಗಿಲ್ಲ" ಎಂದಳು ಮುದುಕಿ. ಚೆನ್ನವ್ವ ಏಳುವವರೆಗೂ ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡೇ ಇದ್ದಳು.

ಪೆಟ್ಟಿಗೆ ಎಲ್ಲಿಡಬೇಕು, ತಂಬಿಗೆ ಎಲ್ಲಿಡಬೇಕು ಎಂದೆಲ್ಲ ಯೋಚಿಸಿದ್ದ ಚೆನ್ನವ್ವ ಸದ್ದಿನ ಬಗ್ಗೆ ಯೋಚಿಸಿರಲಿಲ್ಲ. ಓಣಿಯಲ್ಲಿ ಎಷ್ಟೋ ಮನೆಗಳಲ್ಲಿ ಆ ಸದ್ದಿತ್ತು. ಅದು ಯಾರ ಲಕ್ಷ್ಯಕ್ಕೂ ಬರುವ ಸಂಗತಿಯಾಗಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಗಣಪತ ಮತ್ತೆ ಬಂದ. ತಾಯಿಯನ್ನು ಗಡಹಿಂಗ್ಲಜದಲ್ಲಿದ್ದ ತನ್ನ ತಂಗಿ ಶೆವಂತಾಳ ಮನೆಗೆ ಕಳಿಸುವುದಿತ್ತು. ಯಂತ್ರ ಬಿಟ್ಟು ತಾನು ಹೋಗುವಂತಿರಲಿಲ್ಲ. "ನಿಮ್ಮ ತವರ ಊರ ಐತಲ್ರಿ, ನೀವ ಬಿಟ್ಟು ಬರ್ರಿ" ಎಂದ. ಗಂಟು ಕಟ್ಟಲು ಹೋದಾಗ ಹೌಸಾಬಾಯಿ ಒಳಮನೆಯಲ್ಲಿ ಹೇಳಿದಳು:

"ಅತ್ತೀನ್ನ ಕಳಸತೇವಿ ಅಂತ ಶೆವಂತಾಗ ಗಣಪತಿ ಹಬ್ಬದಾಗ ಪತ್ರ ಬರಸಿದ್ವಿರಿ ಅಕ್ಕಾ. ನಿಮ್ಮನ್ನ ಕರಿಯೂಕ್ಕಿಂತ ಮದ್ಲ."

"ನನಗ ಹೇಳಲಿಲ್ಲ?"

"ಹೇಳಿದ್ರ ನೀವು ಬರತಿದ್ದಿಲ್ಲ." ಹೌಸಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಾ ಏನ್ ಮಾಡ್ಲಿ? ಅತ್ತಿ ಆ ಸಪ್ಪರದಾಗ ಹುಚ್ಚಿ ಆಗತಾಳ. ಅಲ್ಲಿ ಸದ್ದಾದರೂ ಇರಂಗಿಲ್ಲ."

ಅದೂ ಸುಳ್ಳಾಗಿರಲಿಲ್ಲ. ಚೆನ್ನವ್ವ ಗಂಟು ಕಟ್ಟಿದಳು.

ಇಚಲಕರಂಜಿಯಿಂದ ಕೊಲ್ಹಾಪುರದ ತನಕ ಒಂದು ಎಸ್ಟಿ ಬಸ್ಸು, ಅಲ್ಲಿಂದ ಗಡಹಿಂಗ್ಲಜಕ್ಕೆ ಇನ್ನೊಂದು. ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಎರಡು ತಾಸು ಕಾಯಬೇಕಾಯಿತು. ಗದ್ದಲವಿದ್ದರೂ ನಾಗೂಬಾಯಿಗೆ ಅಲ್ಲಿ ಗೆಲುವು ಬಂದಿತ್ತು. ಚಹಾದವನ ಕೂಗು, ಕಂಡಕ್ಟರನ ಸೀಟಿ, ಕುದುರೆಯ ಟಾಂಗಾ, ಯಾವುದು ಎಲ್ಲಿ ಎಂದು ಬೆರಳು ಮಾಡಿ ಹೇಳುತ್ತಿದ್ದಳು. "ಇಲ್ಲೇ ಇರೂದಾದ್ರ ಬೇಷಿತ್ತು" ಎಂದಳು. ಆಮೇಲೆ ಚೆನ್ನವ್ವನ ಮೊಣಕಾಲಿನ ಮೇಲೆ ಕೈಯಿಟ್ಟು, "ನೀ ಭಾಳ ಹಗುರ ಮಾಡಿದಿ ಚೆನ್ನಿ. ಮೊದಲಿನ ಸಾಮಾನ ಇದ್ದಿದ್ರ ನನ್ನ ಹಿಂಗ ಎತ್ತಿ ಒಯ್ಯಾಕ ಯಾರಿಗಾಗತಿತ್ತು?" ಎಂದಳು. ಅದು ಮೆಚ್ಚಿಗೆಯೋ ಆಕ್ಷೇಪವೋ ಚೆನ್ನವ್ವನಿಗೆ ಬಗೆಹರಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಶೆವಂತಾಳದು ಬಾಡಿಗೆಯ ಒಂದೇ ಖೋಲಿ. ಗಂಡ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ. ಅರ್ಧ ಖೋಲಿಯಲ್ಲಿ ಮೆಣಸಿನಕಾಯಿಯ ಚೀಲ. ಒಳಗೆ ಕಾಲಿಟ್ಟ ಕೂಡಲೇ ಮುದುಕಿ ಸೀನತೊಡಗಿದಳು. ಶೆವಂತಾ ತಾಯಿಯ ಕಾಲಿಗೆ ನೀರು ಕೊಟ್ಟು, ಅಪ್ಪಿಕೊಂಡು ಅತ್ತಳು. ಆಮೇಲೆ ಪೆಟ್ಟಿಗೆಯನ್ನು ನೋಡಿದಳು. ಚೆನ್ನವ್ವನನ್ನು ಬಾಗಿಲ ಹೊರಗೆ ಕರೆದು ಸಣ್ಣ ದನಿಯಲ್ಲಿ ಕೇಳಿದಳು:

"ಪೆಟಗಿ ಯಾಕ ತಂದೀರಿ? ಅವ್ವ ಎಷ್ಟ ದಿವಸ ಇರತಾಳ?"

"ಪತ್ರದಾಗ ಬರದಿದ್ದಿಲ್ಲೇನು?"

"ಅವ್ವನ್ನ ಕಳಸತೇವಿ ಅಂತ ಇತ್ತು. ಎಂಟ ದಿವಸಕ್ಕ ಅಂತ ತಿಳಕೊಂಡಿದ್ನಿ."

"ಗಣಪತ ಬಂದು ಹೇಳತಾನ" ಎಂದಳು ಚೆನ್ನವ್ವ.

ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಅಷ್ಟರಲ್ಲಿ ಚೆನ್ನವ್ವ ತನಗೆ ಬರುವ ಕೆಲಸ ಮಾಡಿದಳು. ಚೀಲಗಳನ್ನು ಒತ್ತರಿಸಿ ಮೂಲೆಯಲ್ಲಿ ಚಾಪೆಯಷ್ಟು ಜಾಗ ಬಿಡಿಸಿದಳು. ಮುದುಕಿಯ ಕೈ ಹಿಡಿದು ಇದು ಗೋಡೆ, ಇದು ಬಾಗಿಲು, ಬಲಕ್ಕೆ ಎರಡು ಗೇಣಿಗೆ ತಂಬಿಗೆ ಎಂದು ತೋರಿಸಿದಳು. ನಾಗೂಬಾಯಿ ಪಾಠ ಒಪ್ಪಿಸುವಂತೆ ಎಲ್ಲವನ್ನೂ ಒಮ್ಮೆ ತಾನೇ ಮುಟ್ಟಿ ಹೇಳಿದಳು. ಚೆನ್ನವ್ವ ಹೊರಡಲು ಎದ್ದಾಗ ಶೆವಂತಾಳ ಗಂಡ ಇನ್ನೊಂದು ಚೀಲ ಹೊತ್ತು ಒಳಗೆ ಬಂದ. ಇಳಿಸಲು ಜಾಗ ಸಾಲದೆ ಕಾಲಿನಿಂದ ತಂಬಿಗೆಯನ್ನು ಆಚೆ ಸರಿಸಿದ. ಬಾಗಿಲು ದಾಟುತ್ತ ಚೆನ್ನವ್ವ ತಿರುಗಿ ನೋಡಿದಳು. ಮುದುಕಿಯ ಕೈ ಬಲಕ್ಕೆ ಎರಡು ಗೇಣು ಹೋಗಿ ಬರಿ ನೆಲವನ್ನು ಸವರುತ್ತಿತ್ತು.

ಆಮೇಲಿನ ಎರಡು ವರ್ಷ ನಾಗೂಬಾಯಿ ಎರಡೂ ಕಡೆ ತಿರುಗಿದಳು. ನಾಲ್ಕು ತಿಂಗಳು ಗಡಹಿಂಗ್ಲಜದ ಮೆಣಸಿನಕಾಯಿ, ನಾಲ್ಕು ತಿಂಗಳು ಇಚಲಕರಂಜಿಯ ಸದ್ದು. ಪ್ರತಿ ಸಲ ಒಂದೆರಡು ವಸ್ತು ದಾರಿಯಲ್ಲಿ ಉಳಿಯುತ್ತಿದ್ದವು. ಕೊನೆಗೆ ಪೆಟ್ಟಿಗೆ ಹೋಗಿ ಒಂದು ಕೈಚೀಲವಾಯಿತು. ಮಾತೂ ಕಡಿಮೆಯಾಯಿತು. ಚೆನ್ನವ್ವ ಹೋಗಿ ಕಿವಿಗೆ ಬಾಯಿ ಹಚ್ಚಿ ಹೆಸರು ಹೇಳಿದರೆ, "ಹೂಂ, ಬಾ" ಎನ್ನುವುದಷ್ಟೇ.

ಅರವತ್ತೈದರ ಮಾಘದಲ್ಲಿ ಒಂದು ಮಧ್ಯಾಹ್ನ ಊಟಕ್ಕೆಂದು ಯಂತ್ರ ನಿಲ್ಲಿಸಿದಾಗ ಹೌಸಾಬಾಯಿ ಭಾಕ್ರಿ ಒಯ್ದಳು. ಬೆಳಗಿನ ಚಹಾ ಕೆನೆಗಟ್ಟಿ ಹಾಗೇ ಇತ್ತು. ನಾಗೂಬಾಯಿಯ ಮೈ ತಣ್ಣಗಾಗಿತ್ತು. ಸುದ್ದಿ ಕೇಳಿ ಚೆನ್ನವ್ವ ಓಡಿ ಬಂದಾಗ ಗಣಪತ ತಾಯಿಯ ತಲೆಯ ಬಳಿ ಕುಳಿತಿದ್ದ. ಮೈತುಂಬ ಹತ್ತಿಯ ಧೂಳು.

"ಅವ್ವ ಕರದಿರಬೇಕು ಅಕ್ಕಾರ" ಎಂದ. "ನಾ ಎರಡ ಗ್ವಾಡಿ ಆಚಿಗೇ ಇದ್ನಿ."

ಚೆನ್ನವ್ವ ಅವನನ್ನು ಬೈಯಬೇಕೆಂದೇ ಬಂದಿದ್ದಳು. ಬೈಯಲಾಗಲಿಲ್ಲ.

ಆ ವರ್ಷ ಗಣಪತಿ ನೀರಿಗೆ ಹೋದ ಮೇಲೆ ಅವಳಿಗೆ ಎಂದಿಗಿಂತ ಹೆಚ್ಚು ಕರೆ ಬಂದವು. ಆದರೆ ಕರೆಯಲು ಬಂದವರು ಮುದುಕಿಯರೂ ಅಲ್ಲ, ಸೊಸೆಯರೂ ಅಲ್ಲ. ಗಂಡುಮಕ್ಕಳು. "ಗಣಪತನ ಮನಿ ಹದಿನೈದ ದಿನದಾಗ ಖಾಲಿ ಮಾಡಿದ್ರಂತ, ಒಂದ ಮಾತ ಬರದಂಗ" ಎಂದು ಒಬ್ಬ ಮೆಚ್ಚಿಕೊಂಡು ಹೇಳಿದ. ಅವನ ಮನೆಗೂ ಯಂತ್ರ ಬರುವುದಿತ್ತು. ಚೆನ್ನವ್ವ ಆಗುವುದಿಲ್ಲ ಎಂದಳು. ಎಲ್ಲರಿಗೂ ಹಾಗೇ ಹೇಳಿದಳು. ಐದು ಮನೆ ಆಚೆ ಇದ್ದ ತಾರವ್ವ ಎನ್ನುವ ಮುದುಕಿ ತಾನೇ ಕೋಲೂರಿಕೊಂಡು ಬಂದು, "ಫಳಿ ಮ್ಯಾಲಿನ ಕೊಡ ಇಳಿಸಿ ಕೊಡ ಯವ್ವಾ, ಅಷ್ಟ ಸಾಕು" ಎಂದಳು. ಚೆನ್ನವ್ವ ಅವಳಿಗೂ, "ನನ್ನ ಕೈಲೆ ಆಗಂಗಿಲ್ಲ ಆಯಿ" ಎಂದುಬಿಟ್ಟಳು.

ಮೂರನೆಯ ದಿನ ತಾರವ್ವ ಕಾಳಿನ ಡಬ್ಬಿಯ ಮೇಲೆ ಹತ್ತಿ ಕೊಡಕ್ಕೆ ಕೈ ಚಾಚಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಮತ್ತೆ ಏಳಲಿಲ್ಲ. ಮಲಗಿದಲ್ಲೇ ವರ್ಷಗಳು ಕಳೆದವು. ಚೆನ್ನವ್ವ ದಿನಾ ಹೋಗಿ ಅವಳ ಬಟ್ಟೆ ಬದಲಿಸಿ ಬರುತ್ತಿದ್ದಳು. ತಾರವ್ವ ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ತುಸುವಾದರೂ ನಿರಾಳವಾಗುತ್ತಿತ್ತು ಎಂದು ಚೆನ್ನವ್ವ ಗಂಡನ ಮುಂದೆ ಹೇಳಿದ್ದುಂಟು.

ಗಣಪತನ ಯಂತ್ರಗಳೂ ಬಹಳ ದಿನ ನಡೆಯಲಿಲ್ಲ. ಅರವತ್ತಾರರಲ್ಲಿ ನೂಲು ಸಿಗದಾಯಿತು, ಕರೆಂಟು ದಿನಕ್ಕೆ ಐದಾರು ತಾಸು ಹೋಗತೊಡಗಿತು. ಮೊದಲು ಒಂದು ನಿಂತಿತು, ಆರು ತಿಂಗಳಿಗೆ ಇನ್ನೊಂದು. ಗಣಪತ ಮತ್ತೆ ಬೇರೆಯವರ ಪಾಳಿಗೆ ಹೋದ. ಮುಂದಿನ ಖೋಲಿಯಲ್ಲಿ ಗೋಣಿತಟ್ಟು ಹೊದ್ದು ಎರಡು ಯಂತ್ರ ನಿಂತಿದ್ದವು. ಹಿತ್ತಲಿನ ಸಪ್ಪರ ಖಾಲಿ ಇತ್ತು. ಮನೆಯಲ್ಲಿ ಒಂದು ಸೂಜಿ ಬಿದ್ದರೂ ಕೇಳಿಸುವಷ್ಟು ಶಾಂತವಾಗಿತ್ತು.

ಅರವತ್ತೇಳರ ದಸರೆಗೆ ಚೆನ್ನವ್ವ ತನ್ನ ಮನೆಗೆ ಸುಣ್ಣ ಹಚ್ಚಿದಳು. ಅವಳಿಗೂ ಆಗ ಐವತ್ತರ ಹತ್ತಿರ, ಬಲಗಣ್ಣು ಮಂಜಾಗತೊಡಗಿತ್ತು. ಕೆಲಸದಿಂದ ಬಂದ ಬಂಡು ಗೋಡೆಯನ್ನು ನೋಡಿ ನಿಂತ. ಒಂದು ಡಬ್ಬಿ ಸರಿದಿರಲಿಲ್ಲ, ಒಂದು ಫೋಟೋ ಕೆಳಗಿಳಿದಿರಲಿಲ್ಲ. ಡಬ್ಬಿಗಳ ಸುತ್ತ, ಕೊಡಗಳ ಸುತ್ತ ಕುಂಚ ಆಡಿಸಿದ್ದಳು. ಪ್ರತಿ ಸಾಮಾನಿನ ಹಿಂದೆ ಹಳೆಯ ಹೊಗೆಯ ಕರಿ ಹಾಗೇ ಉಳಿದಿತ್ತು.

"ಸರಿಸಿ ಹಚ್ಚಬೇಕೋ ಬ್ಯಾಡೋ?" ಎಂದ ಬಂಡು. "ನಾ ಎತ್ತಿ ಕೊಡತೇನಿ, ನೀ ಹಚ್ಚು."

"ಬ್ಯಾಡ್ರಿ" ಎಂದಳು ಚೆನ್ನವ್ವ. "ಮುಟ್ಟಬ್ಯಾಡ್ರಿ ಯಾವದೂ."

ಕುಂಚವನ್ನು ತೊಳೆದಿಟ್ಟು, ಕೈಗೆ ಎಣ್ಣೆ ಹಚ್ಚಿಕೊಂಡು, ತಾರವ್ವನ ಬಟ್ಟೆ ಬದಲಿಸುವ ಹೊತ್ತಾಯಿತೆಂದು ಹೊರಟಳು.